ಎಲ್ಲಾ ಸುಳ್ಳು ಅಂದ್ರಲ್ಲ, ಅದಕ್ಕೆ ಉತ್ತರ

 

ಶನಿವಾರದ ಚರ್ಚಾಕೂಟದಲ್ಲಿ ಒಂದು ಸಲ 'ಟಿ.ವಿ.ಯಲ್ಲಿ ನನಗೆ ಇಷ್ಟವಾದ ಕಾರ್ಯಕ್ರಮ' ಎಂಬ ವಿಷಯ ಕೊಟ್ಟಿದ್ದರಲ್ಲ, ನಿಮಗೆಲ್ಲ ನೆನಪಿರಬಹುದು. ಹುಡುಗರು ಕ್ರಿಕೆಟ್ ಅಂದರು. ಹುಡುಗಿಯರಲ್ಲಿ ಮುಕ್ಕಾಲು ಪಾಲು ಧಾರಾವಾಹಿ ಅಂದರು. ಇಬ್ಬರು ಹಾಡಿನ ಸ್ಪರ್ಧೆ ಅಂದರು. ನಾನು ಎದ್ದು ನಿಂತು 'ವೈಜ್ಞಾನಿಕ ಕಥೆಗಳ ಧಾರಾವಾಹಿ' ಅಂದೆ. ಕೂಡಲೇ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. "ರಾಕೆಟ್ಟು, ಚೂಪು ಕಿವಿ ಮನುಷ್ಯ, ಎಲ್ಲಾ ಸುಳ್ಳು ಕಣೇ. ಅದರಿಂದ ನಮ್ಮೂರಿಗೇನು ಉಪಯೋಗ?" ಎಲ್ಲರೂ ನಕ್ಕರು. ಮೇಷ್ಟ್ರೂ ಸ್ವಲ್ಪ ನಕ್ಕರು. ನನಗೆ ಬಾಯಿ ಕಟ್ಟಿದ ಹಾಗಾಯಿತು. ಸುಮ್ಮನೆ ಕೂತುಬಿಟ್ಟೆ.

ಆ ಪ್ರಶ್ನೆಗೆ ಅವತ್ತು ಕೊಡಲಾಗದ ಉತ್ತರವನ್ನು ಇವತ್ತು ಈ ಗೋಡೆಯ ಮೇಲೆ ಬರೆಯುತ್ತಿದ್ದೇನೆ. ಉತ್ತರ ಸಿಗೋದಕ್ಕೆ ನಮ್ಮ ಅಜ್ಜಿ, ಒಂದು ಕಬ್ಬಿನ ಗದ್ದೆ ಮತ್ತು ಎರಡು ಚಿರತೆ ಮರಿ ಬೇಕಾದವು. ಸ್ವಲ್ಪ ಉದ್ದ ಆಗುತ್ತದೆ, ನಿಂತುಕೊಂಡೇ ಓದಿ.

ಮೊದಲು ನನಗೆ ಈ ಹುಚ್ಚು ಹೇಗೆ ಹಿಡಿಯಿತು ಅಂತ ಹೇಳುತ್ತೇನೆ. ನಮ್ಮ ಸೋದರಮಾವ ಮೈಸೂರಿನಲ್ಲಿ ಮೊಬೈಲ್ ರಿಪೇರಿ ಕೆಲಸ ಮಾಡುತ್ತಾರೆ. ಅವರು ಚಿಕ್ಕವರಿದ್ದಾಗ ಇಡೀ ಬೀದಿಗೆ ಒಂದೇ ಟಿ.ವಿ. ಇತ್ತಂತೆ. ಒಬ್ಬ ಹುಡುಗ ಮೇಲೆ ಹತ್ತಿ ಆಂಟೆನಾ ತಿರುಗಿಸೋದು, ಉಳಿದವರು ಕೆಳಗಿನಿಂದ "ಬಂತು, ಬಂತು... ಅಯ್ಯೋ ಹೋಯ್ತು" ಅಂತ ಕೂಗೋದು. 1997ರಲ್ಲಿ ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾಯಿತು. ಮಾರನೇ ವರ್ಷ ಕ್ಯಾಪ್ಟನ್ ವ್ಯೋಮ್ ಬಂತು. ಕೇತನ್ ಮೆಹ್ತಾ ನಿರ್ದೇಶನ, ಮಿಲಿಂದ್ ಸೋಮನ್ ನಾಯಕ. ಬಾಹ್ಯಾಕಾಶದ ಸೆರೆಮನೆಯಿಂದ ತಪ್ಪಿಸಿಕೊಂಡ ಖೈದಿಗಳನ್ನು ಹಿಡಿಯುವ ಕಥೆ. ಮಾಮ ಹೇಳೋದು ಹೀಗೆ: "ಶಕ್ತಿಮಾನ್ ನೋಡಿದ ಮೇಲೆ ನಾವೆಲ್ಲ ಗಿರಗಿರ ತಿರುಗಿ ಬೀಳ್ತಿದ್ದೋ. ವ್ಯೋಮ್ ನೋಡಿದ ಮೇಲೆ ರಾತ್ರಿ ಅಂಗಳದಲ್ಲಿ ಮಲಗಿ ನಕ್ಷತ್ರ ನೋಡ್ತಿದ್ದೋ. ಎರಡಕ್ಕೂ ಇರೋ ವ್ಯತ್ಯಾಸ ಅಷ್ಟೇ."

ಹೋದ ಬೇಸಿಗೆ ರಜದಲ್ಲಿ ಮಾಮ ಒಂದು ಹಳೇ ಡಿ.ವಿ.ಡಿ. ಪ್ಲೇಯರ್ ರಿಪೇರಿ ಮಾಡಿ ತಂದುಕೊಟ್ಟರು. ಜೊತೆಗೆ ಸ್ಟಾರ್ ಟ್ರೆಕ್ ಎಂಬ ಅಮೆರಿಕದ ಧಾರಾವಾಹಿಯ ಡಿಸ್ಕುಗಳು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ. ಮೊದಮೊದಲು ನಿಲ್ಲಿಸಿ ನಿಲ್ಲಿಸಿ, ಡಿಕ್ಷನರಿ ತೆಗೆದು, ಒಂದು ಕಥೆ ನೋಡೋಕೆ ಮೂರು ದಿನ ಹಿಡಿಯುತ್ತಿತ್ತು.

ಈ ಧಾರಾವಾಹಿ ಶುರುವಾಗಿದ್ದು 1966ರ ಸೆಪ್ಟೆಂಬರ್ 8ರಂದು. ಜೀನ್ ರಾಡೆನ್‌ಬೆರಿ ಎಂಬುವರ ಕಲ್ಪನೆ. ಎಂಟರ್‌ಪ್ರೈಸ್ ಎಂಬ ಹಡಗು ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುತ್ತದೆ. ನಾಯಕ ಕರ್ಕ್, ಅವನ ಸಹಾಯಕ ಚೂಪು ಕಿವಿಯ ಸ್ಪಾಕ್, ಮುಂಗೋಪಿ ಡಾಕ್ಟರ್ ಮೆಕಾಯ್. ಆಗಿನ್ನೂ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ. ಮೂರು ವರ್ಷ ನಡೆದು, 79 ಕಥೆಗಳಾಗಿ, 1969ರ ಜೂನ್‌ನಲ್ಲಿ ನಿಂತುಹೋಯಿತು. ಮುಂದಿನ ತಿಂಗಳೇ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿದರು! 1980ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಇದನ್ನು ತೋರಿಸುತ್ತಿದ್ದರು.

ಅವರ ಹತ್ತಿರ ದುಡ್ಡು ತುಂಬಾ ಇತ್ತು ಅಂದುಕೊಳ್ಳಬೇಡಿ. ಪ್ರತಿ ವಾರ ದೊಡ್ಡ ಹಡಗು ನೆಲಕ್ಕಿಳಿಯುವುದನ್ನು ತೋರಿಸೋದು ಖರ್ಚಿನ ಬಾಬತ್ತು. ಅದಕ್ಕೇ ಮನುಷ್ಯರು ಹಡಗಿನಲ್ಲಿ ಮಿನುಗಿ ಮಾಯವಾಗಿ ನೆಲದ ಮೇಲೆ ಪ್ರತ್ಯಕ್ಷವಾಗುವ ಉಪಾಯ ಹುಡುಕಿದರು. ಒಂದು ಕಥೆಗೆ ವಿಚಿತ್ರ ಆಕಾರದ ಉಪ್ಪಿನ ಡಬ್ಬಿಗಳನ್ನು ಅಂಗಡಿಯಿಂದ ತಂದರಂತೆ. ನೋಡುವವರಿಗೆ ಅದು ಉಪ್ಪಿನ ಡಬ್ಬಿ ಅಂತ ಗೊತ್ತೇ ಆಗೋಲ್ಲ ಅನ್ನಿಸಿ, ಅವನ್ನೇ ಡಾಕ್ಟರ ಕೈಗೆ ಆಪರೇಷನ್ ಸಾಮಾನು ಅಂತ ಕೊಟ್ಟರು. ನಮ್ಮ ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಕಿರೀಟಕ್ಕೆ ಮದುವೆ ಕಾಗದ ಅಂಟಿಸಿದೆವಲ್ಲ, ಹಾಗೇ.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ, ಆದರೂ ಬರೆಯಬೇಕು.

ನಮ್ಮ ಮನೆಯಲ್ಲಿ ಟಿ.ವಿ. ಒಂದೇ. ಸಂಜೆ ಏಳಕ್ಕೆ ಅಜ್ಜಿಯ ಧಾರಾವಾಹಿ. ಕೋಡುಬಳೆ ಡಬ್ಬ ಪಕ್ಕದಲ್ಲಿಟ್ಟುಕೊಂಡು ಕೂತರೆ ಎಂಟೂವರೆ ತನಕ ಏಳೋದಿಲ್ಲ. ಚರ್ಚಾಕೂಟದಲ್ಲಿ ನೀವೆಲ್ಲ ನಕ್ಕ ದಿನ ನಾನು ಸಿಟ್ಟಿನಲ್ಲೇ ಮನೆಗೆ ಹೋಗಿದ್ದೆ. ಟಿ.ವಿ.ಯಲ್ಲಿ ಸೊಸೆ ಅಳುತ್ತಿದ್ದಳು. ಅತ್ತೆ ಮುಖವನ್ನು ಮೂರು ಸಲ ಮೂರು ಕಡೆಯಿಂದ ತೋರಿಸಿ ಗುಡುಗಿನ ಸದ್ದು ಹಾಕುತ್ತಿದ್ದರು. ನನಗೆ ರೇಗಿ ಹೋಯಿತು. "ಮೂರು ವರ್ಷದಿಂದ ಅದೇ ಅಳು. ನಿಂಗೆ ಬುದ್ಧಿ ಇದ್ರೆ ತಾನೇ ಗೊತ್ತಾಗೋದು!" ಅಂದುಬಿಟ್ಟೆ.

ಅಜ್ಜಿ ಏನೂ ಅನ್ನಲಿಲ್ಲ. ಎದ್ದು ಜಗುಲಿಗೆ ಹೋಗಿ ಕೂತಿತು. ಮಾರನೇ ದಿನ ಏಳು ಗಂಟೆಗೆ ಟಿ.ವಿ. ಹಾಕಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಐದು ದಿನ ಹೀಗೇ ಆಯಿತು. ಮನೆಯಲ್ಲಿ ಸಂಜೆ ಹೊತ್ತು ಸದ್ದೇ ಇಲ್ಲ. ನನಗೆ ಬೇಕಾದ್ದು ನೋಡಬಹುದಿತ್ತು, ಆದರೆ ಕೈ ಬರಲಿಲ್ಲ.

ಆರನೇ ದಿನ ಅವ್ವ ಒಲೆ ಮುಂದೆ ನನ್ನನ್ನು ಕೂರಿಸಿಕೊಂಡು ಹೇಳಿದಳು: "ನಿಮ್ಮಜ್ಜಿ ಈ ಮನೆಗೆ ಬಂದಾಗ ಹದಿನಾಲ್ಕು ವರ್ಷ. ಅತ್ತೆ ಕೈಲಿ ಏನೇನು ಅನುಭವಿಸ್ತೋ, ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಆ ಟಿ.ವಿ. ಸೊಸೆ ಅತ್ತಾಗ ಅಜ್ಜಿ ಕಣ್ಣು ಒರೆಸಿಕೊಳ್ತದಲ್ಲ, ಯಾರಿಗೋಸ್ಕರ ಅಂದ್ಕೊಂಡಿದ್ದೀಯ?"

ನನಗೆ ಅವತ್ತು ಊಟ ಸೇರಲಿಲ್ಲ. ಅಜ್ಜಿ ಹತ್ತಿರ ಹೋಗಿ, "ತಪ್ಪಾಯ್ತಜ್ಜಿ. ಇವತ್ತು ನಿನ್ನ ಧಾರಾವಾಹಿ ನಾನೂ ನೋಡ್ತೀನಿ. ಆಮೇಲೆ ನಂದೊಂದು ನೀನು ನೋಡು" ಅಂದೆ. ಅಜ್ಜಿ ಬಹಳ ಹೊತ್ತು ಬಿಟ್ಟು, "ನಿಂದು ಎಷ್ಟು ವರ್ಷ ಓಡ್ತದೆ?" ಅಂತು. "ಐವತ್ತು ನಿಮಿಷ" ಅಂದೆ. "ಐವತ್ತು ನಿಮಿಷಕ್ಕೆ ಎಂಥ ಕಥೆಯವ್ವ" ಅಂತ ನಕ್ಕಿತು. ರಾಜಿ ಆಯಿತು.

ಅಜ್ಜಿ ಜೊತೆ ಕೂತು ನೋಡಿದ ಮೇಲೆ ಧಾರಾವಾಹಿಯ ಬಗ್ಗೆ ನ್ಯಾಯವಾಗಿ ಎರಡು ಮಾತು ಹೇಳುತ್ತೇನೆ. ಅದರಲ್ಲಿ ಅಡುಗೆಮನೆ ಇದೆ, ದುಡ್ಡಿನ ಕಷ್ಟ ಇದೆ, ನಮ್ಮ ಮಾತು ಇದೆ. ದಿನಾ ಬರುವುದರಿಂದ ಅದರ ಜನ ಅಕ್ಕಪಕ್ಕದ ಮನೆಯವರ ಹಾಗೆ ಆಗಿಬಿಡುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಆದರೆ ಒಂದು ದೋಷವೂ ಇದೆ. ದಿನಾ ಬರುವ ಕಥೆ ಮುಗಿದರೆ ಜಾಹೀರಾತೂ ಮುಗಿಯುತ್ತದೆ. ಅದಕ್ಕೇ ಯಾವ ಜಗಳವೂ ಬಗೆಹರಿಯುವ ಹಾಗಿಲ್ಲ. ಒಬ್ಬರು ಬಾಗಿಲ ಮರೆಯಿಂದ ಅರ್ಧ ಮಾತು ಕೇಳಿಸಿಕೊಂಡು ತಪ್ಪು ತಿಳಿಯುತ್ತಾರೆ. 'ಏನು ವಿಷಯ' ಅಂತ ಒಂದು ಮಾತು ಕೇಳಿದ್ದರೆ ಆರು ತಿಂಗಳ ಕಥೆ ಅಲ್ಲೇ ನಿಂತುಹೋಗುತ್ತಿತ್ತು. ಕೇಳುವುದಿಲ್ಲ. ಕೆಟ್ಟವರು ಕೆಟ್ಟವರಾಗೇ ಇರಬೇಕು, ಅಳುವವರು ಅಳುತ್ತಲೇ ಇರಬೇಕು.

ಹಾಗಂತ ದೊಡ್ಡ ಕಥೆ ಹೇಳಿದ ಧಾರಾವಾಹಿಗಳು ಇಲ್ಲ ಅಂತಲ್ಲ. 1987ರಲ್ಲಿ ಶುರುವಾದ ರಾಮಾನಂದ ಸಾಗರರ ರಾಮಾಯಣ 2020ರ ಲಾಕ್‌ಡೌನಿನಲ್ಲಿ ಮತ್ತೆ ಬಂದಾಗ ಅಜ್ಜಿ ಜೊತೆ ನಾನೂ ನೋಡಿದ್ದೆ. ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಅದರಲ್ಲಿ ಮುಂದೇನಾಗುತ್ತದೆ ಅಂತ ನಮಗೆಲ್ಲ ಮೊದಲೇ ಗೊತ್ತು. ಗೊತ್ತಿರುವುದನ್ನು ಮತ್ತೆ ನೋಡುವ ಸಂತೋಷ ಅದು. ವೈಜ್ಞಾನಿಕ ಕಥೆಯ ಸಂತೋಷ ಬೇರೆ. 'ಹೀಗಾದರೆ ಏನಾಗುತ್ತದೆ?' ಅಂತ ಅದು ಒಂದು ಪ್ರಶ್ನೆ ಹಾಕುತ್ತದೆ, ಕೊನೆತನಕ ಆ ಪ್ರಶ್ನೆಯ ಬೆನ್ನು ಬಿಡುವುದಿಲ್ಲ.

ಅಜ್ಜಿಗೆ ನಾನು ತೋರಿಸಿದ್ದು 1967ರ ಮಾರ್ಚ್‌ನಲ್ಲಿ ಬಂದ ಕಥೆ. ಬರೆದವರು ಜೀನ್ ಕೂನ್. ಹೆಸರು 'ದ ಡೆವಿಲ್ ಇನ್ ದ ಡಾರ್ಕ್', ಅಂದರೆ ಕತ್ತಲಲ್ಲಿರುವ ಭೂತ. ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಸ್ಪಾಕ್ ಬಂದ ಕೂಡಲೇ ಅಜ್ಜಿ, "ಅವನ ಕಿವಿ ಯಾಕವ್ವ ಅಂಗೈತೆ?" ಅಂತು. "ಅವನ ಅಪ್ಪ ಬೇರೆ ಲೋಕದವನು, ಅವ್ವ ಭೂಮಿಯವಳು" ಅಂದೆ. "ಸರಿ ಬುಡು, ದೂರದ ಸಂಬಂಧ" ಅಂತು.

ಕಥೆ ಇಷ್ಟು. ದೂರದ ಒಂದು ಗ್ರಹದಲ್ಲಿ ಗಣಿ. ಗಣಿಯೊಳಗೆ ಯಾವುದೋ ಪ್ರಾಣಿ ಕೆಲಸಗಾರರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಿದೆ. ಐವತ್ತಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅದನ್ನು ಕೊಂದು ಹೋಗಿ ಅಂತ ಕರ್ಕ್, ಸ್ಪಾಕ್ ಇಬ್ಬರನ್ನೂ ಕರೆಸಿದ್ದಾರೆ. ಗಣಿಯ ಮುಖ್ಯಸ್ಥನ ಮೇಜಿನ ಮೇಲೆ ಒಂದು ಗುಂಡನೆಯ ಕಲ್ಲು ಇದೆ. ಅಂಥವು ಕೆಳಗೆ ಸಾವಿರಾರು ಸಿಕ್ಕಿವೆ, ಉಪಯೋಗಕ್ಕೆ ಬಾರದವು ಅಂತ ಒಡೆದು ಹಾಕಿದ್ದಾರೆ.

ಅಜ್ಜಿ ಕೂಡಲೇ, "ಆ ಉಂಡೆ ಏನದು? ಮೊಟ್ಟೆ ಇದ್ದಂಗೈತೆ" ಅಂತು.

"ಇಲ್ಲಜ್ಜಿ, ಕಲ್ಲು ಅಂತಾ ಇದ್ದಾರೆ."

"ಕೋಳಿ ಸಾಕ್ದೋಳಿಗೆ ಹೇಳ್ತೀಯಾ? ನೋಡ್ತಾ ಇರು."

ನಾನು ಮೊದಲ ಸಲ ನೋಡಿದಾಗ ನನಗೆ ಹೊಳೆದಿರಲಿಲ್ಲ. ಅಜ್ಜಿ ಸ್ಪಾಕ್‌ಗಿಂತ ಮುಂಚೆ ಕಂಡುಹಿಡಿಯಿತು! ಅವು ಮೊಟ್ಟೆಗಳೇ. ಆ ಪ್ರಾಣಿ ತಾಯಿ. ಹೆಸರು ಹೋರ್ಟಾ. ಬಂಡೆಯೊಳಗೆ ಬದುಕುವ, ಸಿಲಿಕಾನ್‌ನಿಂದ ಆದ ಜೀವ. ಐವತ್ತು ಸಾವಿರ ವರ್ಷಕ್ಕೊಮ್ಮೆ ಎಲ್ಲಾ ಹೋರ್ಟಾಗಳೂ ಸತ್ತು ಒಂದು ಮಾತ್ರ ಉಳಿಯುತ್ತದೆ, ಎಲ್ಲರ ಮೊಟ್ಟೆ ಕಾಯುವುದಕ್ಕೆ. ಅಷ್ಟು ದಿನ ಅದು ಯಾರ ತಂಟೆಗೂ ಬಂದಿರಲಿಲ್ಲ. ಗಣಿಯವರು ಮೊಟ್ಟೆ ಒಡೆಯತೊಡಗಿದ ಮೇಲೆ ಬಂತು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ತಿರುವು. ಮೊದಲು 'ಅದನ್ನು ಉಳಿಸೋಣ' ಅನ್ನುವವನು ಸ್ಪಾಕ್, 'ಕೊಲ್ಲಲೇಬೇಕು' ಅನ್ನುವವನು ಕರ್ಕ್. ಆದರೆ ಸುರಂಗದಲ್ಲಿ ಪ್ರಾಣಿ ಎದುರೆದುರು ಬಂದಾಗ ಕರ್ಕ್‌ಗೆ ಗುಂಡು ಹಾರಿಸಲು ಮನಸ್ಸು ಬರುವುದಿಲ್ಲ. ಆಗ ಅವನ ಪ್ರಾಣದ ಭಯದಿಂದ ಸ್ಪಾಕ್ 'ಬೇಗ ಕೊಲ್ಲು' ಅನ್ನುತ್ತಾನೆ. ಯಾರೂ ಪೂರ್ತಿ ಒಳ್ಳೆಯವರಲ್ಲ, ಪೂರ್ತಿ ಕೆಟ್ಟವರಲ್ಲ. ಹತ್ತಿರದಿಂದ ನೋಡಿದಾಗ ಒಬ್ಬನ ಮನಸ್ಸು ಬದಲಾಯಿತು, ತನ್ನವನಿಗೆ ಅಪಾಯ ಬಂದಾಗ ಇನ್ನೊಬ್ಬನ ಮನಸ್ಸು ಬದಲಾಯಿತು. ಡಾಕ್ಟರು ಬಂದು ಆ ಕಲ್ಲಿನ ಪ್ರಾಣಿಯ ಗಾಯಕ್ಕೆ ಕಾಂಕ್ರೀಟು ಮೆತ್ತಿ ವಾಸಿ ಮಾಡುತ್ತಾನೆ. "ಗಾರೆ ಕೆಲಸದೋನು" ಅಂತ ಅಜ್ಜಿ ನಕ್ಕಿತು. ಕೊನೆಗೆ ದೊಣ್ಣೆ ಹಿಡಿದು ಬಂದ ಗಣಿಯವರಿಗೆ ವಿಷಯ ಗೊತ್ತಾಗಿ ತಲೆ ತಗ್ಗಿಸುತ್ತಾರೆ. ಒಪ್ಪಂದ ಆಗುತ್ತದೆ. ಅವರು ಮೊಟ್ಟೆ ಮುಟ್ಟಬಾರದು, ಮರಿಗಳು ತಮ್ಮ ಪಾಡಿಗೆ ಸುರಂಗ ಕೊರೆಯಲಿ, ಅಲ್ಲಿ ಸಿಕ್ಕ ಅದಿರು ಮನುಷ್ಯರಿಗೆ. ನಾನು ತಿರುಗಿ ನೋಡಿದರೆ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿತ್ತು. ಆ ಪ್ರಾಣಿ ಅಂದರೆ ರಬ್ಬರಿನಂಥ ಹೊದಿಕೆಯೊಳಗೆ ಒಬ್ಬ ಮನುಷ್ಯ ತೆವಳುತ್ತಾ ಇರೋದು ಅಷ್ಟೇ. ನೋಡಿದರೆ ಗೊತ್ತಾಗುತ್ತದೆ. ಆದರೂ ಅಜ್ಜಿ ಅತ್ತಿತು.

ಇನ್ನೊಂದು ಲಾಭವೂ ಆಯಿತು. ನಮ್ಮ ವಿಜ್ಞಾನ ಪಾಠದಲ್ಲಿ ಕಾರ್ಬನ್‌ಗೆ ನಾಲ್ಕು ಕೈ, ಅದಕ್ಕೇ ಅದು ಉದ್ದುದ್ದ ಸರಪಳಿ ಕಟ್ಟುತ್ತದೆ, ಅದರಿಂದಲೇ ನಮ್ಮ ದೇಹ ಎಂದು ಬರುತ್ತದಲ್ಲ, ಆವರ್ತ ಕೋಷ್ಟಕದಲ್ಲಿ ಕಾರ್ಬನ್ನಿನ ಕೆಳಗೇ ಸಿಲಿಕಾನ್ ಇದೆ. ಅದಕ್ಕೂ ನಾಲ್ಕು ಕೈ. ಹಾಗಾದರೆ ಸಿಲಿಕಾನ್ ಪ್ರಾಣಿ ಯಾಕೆ ಇರಬಾರದು? ನಾನು ಸಾರ್ ಅವರನ್ನು ಕೇಳಿದೆ. ಸಿಲಿಕಾನ್ ಕೂಡ ಹೈಡ್ರೋಜನ್ ಜೊತೆ ಏಳೆಂಟು ಪರಮಾಣುಗಳ ಸರಪಳಿ ಕಟ್ಟುತ್ತದೆ, ಆದರೆ ಅದು ಗಟ್ಟಿಯಾಗಿ ನಿಲ್ಲುವುದಿಲ್ಲ ಅಂದರು. ಇನ್ನೊಂದು ಮಾತೂ ಹೇಳಿದರು. ಕಾರ್ಬನ್ ಆಕ್ಸಿಜನ್ ಜೊತೆ ಸೇರಿದರೆ ಕಾರ್ಬನ್ ಡೈ ಆಕ್ಸೈಡ್, ಅದು ಅನಿಲ, ಉಸಿರಿನಲ್ಲಿ ಹೊರಗೆ ಬಿಡಬಹುದು. ಸಿಲಿಕಾನ್ ಆಕ್ಸಿಜನ್ ಜೊತೆ ಸೇರಿದರೆ ಮರಳು! ಆ ಪ್ರಾಣಿ ಮರಳನ್ನು ಉಸಿರಾಡಬೇಕಾಗುತ್ತದೆ. ಇಡೀ ತರಗತಿ ನಕ್ಕಿತು. ಆದರೆ ಆ ಪಾಠ ನನಗೆ ಇನ್ನು ಜನ್ಮದಲ್ಲಿ ಮರೆಯುವುದಿಲ್ಲ. ಕಥೆಯಲ್ಲಿ ವಿಜ್ಞಾನ ತಪ್ಪಿದ್ದರೂ ಪ್ರಶ್ನೆ ಹುಟ್ಟಿಸಿದರೆ ಅದು ಒಳ್ಳೆಯ ಕಥೆಯೇ.

ಇದಾಗಿ ಎರಡು ವಾರಕ್ಕೆ ನಮ್ಮ ಗದ್ದೆಯಲ್ಲಿ ಕಬ್ಬು ಕಡಿಯೋರು ಕೂಗಿಕೊಂಡರು. ನಿಮ್ಮಲ್ಲಿ ಕೆಲವರು ಅಲ್ಲಿದ್ದಿರಿ. ತರಗಿನ ನಡುವೆ ಎರಡು ಚಿರತೆ ಮರಿ, ಬೆಕ್ಕಿನ ಮರಿಗಿಂತ ಸ್ವಲ್ಪ ದೊಡ್ಡವು. ದೀಪಾವಳಿ ಹಿಂದೆ ನಮ್ಮ ಕರುವನ್ನು ಚಿರತೆ ಎತ್ತಿಕೊಂಡು ಹೋಗಿತ್ತು. ಆ ದಿನ "ಎಲ್ಲಾ ಚಿರತೆ ಹುಡುಕಿ ಸುಟ್ಟು ಹಾಕಬೇಕು" ಅಂತ ಅತ್ತವಳು ನಾನೇ. ಅಪ್ಪನ ಕೈಲಿ ಮಚ್ಚು ಇತ್ತು. ಒಂದಿಬ್ಬರು ದೊಣ್ಣೆ ತಂದಿದ್ದರು. ಕೆಲವರು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದರು. ಒಬ್ಬ ಮರಿಯನ್ನು ಎತ್ತಿಕೊಳ್ಳಲು ಬಗ್ಗಿದ. "ದೊಡ್ಡದಾದ ಮೇಲೆ ನಿಮ್ಮ ಹಸು ತಿಂತಾವೆ, ಈಗಲೇ ಮುಗಿಸಿ" ಅಂತ ಯಾರೋ ಅಂದರು.

ಬುತ್ತಿ ಹೊತ್ತು ಬಂದ ಅಜ್ಜಿ ಮಂಕರಿ ಕೆಳಗಿಟ್ಟು ಗುಂಪಿನೊಳಗೆ ನುಗ್ಗಿತು. "ಮುಟ್ಬೇಡಿ! ಅವುಗಳ ಅವ್ವ ಇಲ್ಲೇ ಎಲ್ಲೋ ಅವ್ಳೆ. ಮರಿ ತಕ್ಕೊಂಡು ಹೋದ್ರೆ ಊರೊಳಕ್ಕೇ ಬತ್ತಾಳೆ. ಮೊಟ್ಟೆ ಒಡೆದೋರ ಕಥೆ ಏನಾಯ್ತು ಗೊತ್ತಾ ನಿಮಗೆ?"

ಯಾರಿಗೂ ಅರ್ಥ ಆಗಲಿಲ್ಲ. ಅಪ್ಪ "ಯಾವ ಮೊಟ್ಟೆ?" ಅಂದರು. ಅರ್ಥ ಆದದ್ದು ನನಗೊಬ್ಬಳಿಗೇ. ನಾನು ಹೋಗಿ ಅಜ್ಜಿ ಪಕ್ಕ ನಿಂತೆ. ಕಾಲು ನಡುಗುತ್ತಿತ್ತು, ಆದರೂ ನಿಂತೆ.

ಅರಣ್ಯ ಇಲಾಖೆಯವರಿಗೆ ಫೋನ್ ಹೋಯಿತು. ಸಂಜೆ ಬಂದವರು ಮರಿಗಳನ್ನು ಒಂದು ಕ್ರೇಟಿನಲ್ಲಿಟ್ಟು ಅದೇ ಜಾಗದಲ್ಲಿ ಬಿಟ್ಟರು, ಜನರನ್ನು ದೂರ ಕಳಿಸಿದರು. ಮೊದಲ ರಾತ್ರಿ ತಾಯಿ ಬರಲಿಲ್ಲ. ಎರಡನೇ ರಾತ್ರಿ ಬಂದು ಎರಡನ್ನೂ ಎತ್ತಿಕೊಂಡು ಹೋಯಿತು. ಬೆಳಿಗ್ಗೆ ಹಸಿ ಮಣ್ಣಿನ ಮೇಲೆ ಹೆಜ್ಜೆ ಮಾತ್ರ ಇದ್ದವು. ನಮ್ಮ ಕಟಾವು ಎರಡು ದಿನ ನಿಂತಿತು, ಕೂಲಿ ನಷ್ಟ ಆಯಿತು. ಅಪ್ಪ ಇವತ್ತಿಗೂ "ನನ್ನ ಕರು ವಾಪಸ್ ಬರ್ತದಾ?" ಅಂತ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವರ ಸಂಕಟವೂ ನಿಜ.

ಅಜ್ಜಿ ಆ ಕಥೆ ನೋಡದೇ ಇದ್ದರೂ ಹಾಗೇ ಹೇಳುತ್ತಿತ್ತೇನೋ, ಗೊತ್ತಿಲ್ಲ. ಆದರೆ ನನ್ನ ವಿಷಯ ನನಗೆ ಗೊತ್ತು. ಆ ಐವತ್ತು ನಿಮಿಷ ನೋಡದಿದ್ದರೆ ನಾನು ದೊಣ್ಣೆಯವರ ಕಡೆ ನಿಂತಿರುತ್ತಿದ್ದೆ.

ಈಗ ಹಿಂದಿನ ಬೆಂಚಿನ ಗೆಳೆಯನಿಗೆ ಉತ್ತರ. ಹೌದಪ್ಪ, ಎಲ್ಲಾ ಸುಳ್ಳು. ಹೋರ್ಟಾ ಇಲ್ಲ, ಎಂಟರ್‌ಪ್ರೈಸ್ ಇಲ್ಲ. ಆದರೆ ಪುಣ್ಯಕೋಟಿ ಹಾಡನ್ನು ನಾವೆಲ್ಲ ಹೇಳಿಕೊಂಡೇ ಬೆಳೆದೆವಲ್ಲ, ಹಸು ಹುಲಿಯ ಹತ್ತಿರ ಮಾತಾಡಿದ್ದು ನಿಜವಾ? ಅದನ್ನು ಸುಳ್ಳು ಅಂತ ಯಾರಾದರೂ ನಕ್ಕಿದ್ದಾರಾ? ಹಸು ಮಾತಾಡಿದ್ದು ಸುಳ್ಳು, ಕೊಟ್ಟ ಮಾತು ಉಳಿಸಿಕೊಳ್ಳಬೇಕು ಅನ್ನೋದು ನಿಜ. ಹಾಗೇ ಕಲ್ಲಿನ ಪ್ರಾಣಿ ಸುಳ್ಳು, ಮರಿ ಕಳೆದುಕೊಂಡ ತಾಯಿ ನಿಜ. ಅಷ್ಟು ದೂರದ ಗ್ರಹಕ್ಕೆ ಕರೆದುಕೊಂಡು ಹೋದದ್ದರಿಂದಲೇ ನಮ್ಮ ಗದ್ದೆ ನನಗೆ ಕಾಣಿಸಿತು. ಗದ್ದೆಯಲ್ಲೇ ನಿಂತಿದ್ದರೆ ನಮ್ಮ ಕರು ಮಾತ್ರ ಕಾಣುತ್ತಿತ್ತು.

ಈ ಕಥೆಗಳಲ್ಲಿ ತಪ್ಪೇ ಇಲ್ಲ ಅಂತ ನಾನು ಹೇಳೋದಿಲ್ಲ. ಯಾವ ಗ್ರಹಕ್ಕೆ ಹೋದರೂ ಎಲ್ಲರೂ ಇಂಗ್ಲಿಷೇ ಮಾತಾಡುತ್ತಾರೆ. ಬಂಡೆಗಳು ರಟ್ಟಿನವು ಅಂತ ಗೊತ್ತಾಗುತ್ತದೆ. ಕೆಲವು ಕಥೆಗಳಲ್ಲಿ ಬರೀ ಹೊಡೆದಾಟ. ರಾಕೆಟ್ ತೋರಿಸಿದ ಮಾತ್ರಕ್ಕೆ ಒಳ್ಳೆಯದಾಗುವುದಿಲ್ಲ, ಅಡುಗೆಮನೆ ತೋರಿಸಿದ ಮಾತ್ರಕ್ಕೆ ಕೆಟ್ಟದ್ದೂ ಆಗುವುದಿಲ್ಲ. ನಾನು ಈಗ ಅಳೆಯುವುದು ಒಂದೇ ಅಳತೆಯಲ್ಲಿ. ಟಿ.ವಿ. ಆರಿಸಿ ಮಲಗಿ ಎದ್ದ ಮೇಲೆ ಬೆಳಿಗ್ಗೆ ಅದರಲ್ಲಿ ಏನು ಉಳಿದಿದೆ? ಒಂದು ಪ್ರಶ್ನೆ ಉಳಿದಿದ್ದರೆ ಅದು ಒಳ್ಳೆಯ ಕಾರ್ಯಕ್ರಮ.

ನನ್ನದೊಂದು ಆಸೆ ಇದೆ. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರಂಥವರು ವೈಜ್ಞಾನಿಕ ಕಥೆ ಬರೆದಿದ್ದಾರೆ. ಅಂಥ ಕಥೆ ನಮ್ಮ ಟಿ.ವಿ.ಯಲ್ಲಿ ನಮ್ಮ ಮಾತಿನಲ್ಲೇ ಬರಬೇಕು. ಬೋರ್‌ವೆಲ್ ಸಾವಿರ ಅಡಿ ಕೊರೆದಾಗ ಕೆಳಗಿನಿಂದ ಯಾರೋ 'ಸಾಕು' ಅಂತ ತಟ್ಟಿದರೆ ಏನಾಗುತ್ತದೆ? ಯಾರಾದರೂ ಬರೆಯಲಿ. ಯಾರೂ ಬರೆಯದಿದ್ದರೆ ಮುಂದಿನ ತಿಂಗಳ ಗೋಡೆ ಪತ್ರಿಕೆಗೆ ನಾನೇ ಬರೆಯುತ್ತೇನೆ, ನಗಬಾರದು.

ಈಗ ನಮ್ಮ ಮನೆಯಲ್ಲಿ ದಿನಾ ಏಳಕ್ಕೆ ಅಜ್ಜಿಯದು, ಭಾನುವಾರ ಮಧ್ಯಾಹ್ನ ನನ್ನದು. ಹೋದ ಭಾನುವಾರ ಅಜ್ಜಿ ಕೇಳಿತು, "ಆ ಕಲ್ಲಿನ ತಾಯಿ ಮರಿಗಳು ಈಗ ಎಂಗವೆ? ಇವತ್ತು ತೋರಿಸ್ತಾರಾ?"

"ಇಲ್ಲಜ್ಜಿ, ಆ ಕಥೆ ಅವತ್ತೇ ಮುಗೀತು" ಅಂದೆ.

"ಇದೊಂದು ತಪ್ಪು ನಿನ್ನ ಧಾರಾವಾಹೀದು" ಅಂತ ಅಜ್ಜಿ ಕೋಡುಬಳೆ ಮುರಿಯಿತು.

ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಬರಹದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು, ಗೆಳೆಯರು ಕ್ಷಮಿಸಬೇಕು.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ